ಬೊಂಬೆ ಮೆಟ್ಟಿಲ ಮೇಲೆ ಹವಳದ ದಿಬ್ಬ: ಹಾಸನದ ಒಂದು ಮನೆಯ ಪ್ರಕರಣ

ಹಾಸನದಿಂದ ಮಂಗಳೂರಿನ ಸಮುದ್ರಕ್ಕೆ ಸುಮಾರು 170 ಕಿಲೋಮೀಟರ್. ಶಿರಾಡಿ ಘಾಟಿ ರಸ್ತೆ ಸರಿಯಿದ್ದರೆ ನಾಲ್ಕು ಗಂಟೆ, ಮಳೆಗಾಲದಲ್ಲಿ ಗುಡ್ಡ ಜರಿದರೆ ದೇವರೇ ಗತಿ. ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಮದುವೆಯಾದ ಹೊಸತರಲ್ಲಿ ಒಂದು ಸಲ, ಧರ್ಮಸ್ಥಳಕ್ಕೆ ಹೋದವರು ಹಾಗೇ ಮುಂದಕ್ಕೆ ಹೋಗಿ ಒಂದು ಸಲ, ಮಕ್ಕಳ ಸ್ಕೂಲ್ ಟ್ರಿಪ್ಪಿನಲ್ಲಿ ಒಂದು ಸಲ. ಕಾಲು ನೆನೆಸಿಕೊಂಡು, ಚರುಮುರಿ ತಿಂದು ವಾಪಸ್.

ಇಂಥ ಊರಲ್ಲಿ 2024ರ ದಸರಾಕ್ಕೆ ನಮ್ಮ ದೊಡ್ಡಮ್ಮನ ಮನೆಯ ಬೊಂಬೆ ಮೆಟ್ಟಿಲ ಮೇಲೆ ಒಂದು ಹವಳದ ದಿಬ್ಬ ಎದ್ದಿತು. ಉಲ್ಲನ್ ದಾರದ್ದು. ಅದನ್ನು ಮಾಡಿದವರು ಸಮುದ್ರ ಓದಿಕೊಂಡವಳು ಒಬ್ಬಳು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರು, ಗುರುವಾರದ ಭಜನೆಗೆ ಸೇರುವ ಹನ್ನೊಂದು ಜನ ಹೆಂಗಸರು. ಲೆಕ್ಕ ಬರೆಯುವುದು, ಸಾಮಾನು ತರುವುದು, ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಕೆಲವು ಗೆದ್ದವು, ಜಾಸ್ತಿ ಕೈಕೊಟ್ಟವು. ಇಂಥದ್ದನ್ನು ತಾವೂ ಮಾಡಬೇಕು ಅಂತ ಒಂದಿಬ್ಬರು ಕೇಳಿದ್ದಾರೆ, ಅದಕ್ಕೆ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಮನೆ ಜಗಳವನ್ನೂ ಸೇರಿಸಿ.

ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಲಕ್ಷದ್ವೀಪದಲ್ಲಿ ಹವಳದ ಮೇಲೆ ಕೆಲಸ ಮಾಡುತ್ತಾಳೆ. ಮುಂಗಾರು ಶುರುವಾದರೆ ಅಲ್ಲಿ ನೀರಿಗಿಳಿಯೋಕೆ ಆಗಲ್ಲ, ಹಾಗಾಗಿ ಜೂನ್ ಹೊತ್ತಿಗೆ ಮನೆಗೆ ಬರುತ್ತಾಳೆ. ಆ ವರ್ಷ ಬಂದವಳು ಮಾತೇ ಆಡಲಿಲ್ಲ. ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ, ಹೀಗೆ ಆಗ್ತಿರೋದು ಇದು ನಾಲ್ಕನೇ ಸಲ ಅಂತ ವಿಜ್ಞಾನಿಗಳು ಘೋಷಿಸಿದ್ದರು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದೇ ಮತ್ತೆ ಆಗಿತ್ತು, ಅದೂ ಜೋರಾಗಿ. ಫೋನಿನಲ್ಲಿ ಫೋಟೊ ತೋರಿಸಿದಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಹೂಕೋಸಿನ ಹಾಗಿದೆ ಕಣೇ" ಅಂದರು. ಅಕ್ಕ ಎದ್ದು ಒಳಗೆ ಹೋದಳು.

ಎರಡು ದಿನ ಬಿಟ್ಟು ಅವಳೇ ಮಾತು ತೆಗೆದಳು. "ಅಮ್ಮ, ಕ್ರೋಶಾ ಹಾಕುವಾಗ ಅಂಚು ನಿರಿಗೆ ನಿರಿಗೆ ಆದರೆ ನೀನು ಬಿಚ್ಚಿ ಹಾಕ್ತೀಯಲ್ಲ, ಆ ತಪ್ಪು ನಂಗೆ ಬೇಕು."

ದೊಡ್ಡಮ್ಮ ನಲವತ್ತು ವರ್ಷದಿಂದ ಕ್ರೋಶಾ ಹಾಕುತ್ತಾರೆ. ಟಿ.ವಿ. ಮೇಲಿನ ಬಟ್ಟೆ, ಫ್ರಿಜ್ ಕವರ್, ಬಾಗಿಲ ತೋರಣ, ಮೊಮ್ಮಕ್ಕಳ ಟೋಪಿ. ಅವರ ಕಾನೂನು ಒಂದೇ: ಸಪಾಟಾಗಿ ಕೂರಬೇಕು. ಮೊದಲ ಸುತ್ತಿಗೆ ಆರು ಕುಣಿಕೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18, ಹೀಗೆ ಸುತ್ತಿಗೆ ಆರಾರು ಏರಿಸಿಕೊಂಡು ಹೋದರೆ ತಟ್ಟೆಯ ಹಾಗೆ ಸಪಾಟು ಬರುತ್ತದೆ. ಅದಕ್ಕಿಂತ ಕಮ್ಮಿ ಏರಿಸಿದರೆ ಟೋಪಿಯಾಗುತ್ತದೆ. ಜಾಸ್ತಿ ಏರಿಸಿದರೆ ಅಂಚಿಗೆ ಜಾಗ ಸಾಲದೆ ಮೇಲೆ ಕೆಳಗೆ ಅಲೆಯೇಳುತ್ತದೆ, ಸೀರೆ ನಿರಿಗೆ ಬಿಟ್ಟ ಹಾಗೆ. ಆ ಅಲೆ ಇದೆಯಲ್ಲ, ಹವಳದ ಎಷ್ಟೋ ಜಾತಿಗಳು ಬೆಳೆಯುವುದೇ ಹಾಗೆ. ಇಷ್ಟೇ ಇಷ್ಟು ಜಾಗದಲ್ಲಿ ಆದಷ್ಟು ಜಾಸ್ತಿ ಮೈ ಬಿಸಿಲಿಗೂ ನೀರಿಗೂ ಸಿಗಬೇಕು, ಅದಕ್ಕೆ.

ಇದು ಅಕ್ಕನ ಸ್ವಂತ ಐಡಿಯಾ ಏನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಪಾಠ ಮಾಡುತ್ತಿದ್ದ ಡೈನಾ ಟೈಮಿನಾ ಅನ್ನುವವರು 1997ರಲ್ಲಿ ಇಂಥ ಅಲೆಯ ಆಕಾರವನ್ನು ಕ್ರೋಶಾದಲ್ಲಿ ಮಾಡಿ ತೋರಿಸಿದರು. ಅದಕ್ಕೆ ಮುಂಚೆ ಕಾಗದ ಅಂಟಿಸಿ ಮಾಡುತ್ತಿದ್ದರಂತೆ, ಕೈಯಲ್ಲಿ ಹಿಡಿದರೆ ಹರಿಯುತ್ತಿತ್ತು. ಆಮೇಲೆ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಅನ್ನುವ ಅವಳಿ ಅಕ್ಕತಂಗಿಯರು ಅದನ್ನೇ ಹಿಡಿದುಕೊಂಡು 2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರೋಶಾ ಹವಳದ ದಿಬ್ಬ ಶುರು ಮಾಡಿದರು. ಒಬ್ಬರು ವಿಜ್ಞಾನ ಬರೆಯುವವರು, ಇನ್ನೊಬ್ಬರು ಕಲೆ ಕಡೆಯವರು, ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಊರೂರಿನ ಹೆಂಗಸರು ತಮ್ಮ ತಮ್ಮ ದಿಬ್ಬ ಹೆಣೆದರು. 2019ರಲ್ಲಿ ಅದು ವೆನಿಸ್‌ನ ದೊಡ್ಡ ಕಲಾಪ್ರದರ್ಶನಕ್ಕೂ ಹೋಯಿತು. ಅಕ್ಕ ಇದನ್ನೆಲ್ಲ ಹೇಳಿದರೆ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅವರೂ ಬಿಚ್ಚದೆ ಹಾಗೇ ಬಿಟ್ರಾ?"

ಮೊದಲ ವಾರ ಪೂರ್ತಿ ಕೈ ಕೇಳಲಿಲ್ಲ. ಅಲೆ ಎದ್ದ ತಕ್ಷಣ ಕೈ ತಾನಾಗಿ ಬಿಚ್ಚೋಕೆ ಹೋಗುತ್ತಿತ್ತು. ಆಮೇಲೆ ಒಂದು ದಿನ ಹಟ ಹಿಡಿದು, ಒಂದೊಂದು ಕುಣಿಕೆಗೂ ಎರಡೆರಡು ಹಾಕುತ್ತಾ ಹೋದರು. 6, 12, 24, 48. ಇದೇನು ಮಹಾ ಅನಿಸುತ್ತದೆ. ಏಳನೇ ಸುತ್ತಿಗೆ 384. ಹತ್ತನೆಯದಕ್ಕೆ 3072! ಅಂಗೈ ಅಗಲದ ವಸ್ತು, ಹೊರಗಿನ ಒಂದೇ ಸುತ್ತಿಗೆ ಉಂಡೆಗಟ್ಟಲೆ ದಾರ ನುಂಗಿತು. "ಹೊಟ್ಟೆಬಾಕ ಇದು" ಅಂತ ಬೈದುಕೊಂಡೇ ಮೂರು ದಿನ ಕೂತು ಮುಗಿಸಿದರು. ಮುಗಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಹಿಸುಕಿ ಬಿಡುತ್ತಿದ್ದರು, ಹಿಸುಕಿ ಬಿಡುತ್ತಿದ್ದರು. ಜೀವ ಇರುವ ಹಾಗೆ ಮತ್ತೆ ಅರಳುತ್ತಿತ್ತು. ಮಾರನೇ ಗುರುವಾರ ಭಜನೆಗೆ ಅದನ್ನು ತಗೊಂಡು ಹೋದರು. ಹನ್ನೊಂದು ಜನ ಸೇರಿದ್ದು ಹಾಗೆ. ಅಕ್ಕ ತಯಾರಿಸಿಟ್ಟಿದ್ದ ಪವರ್‌ಪಾಯಿಂಟ್ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಹವಳ ಒಂದು ಪ್ರಾಣಿ ಅನ್ನುವುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ ಬಿಡಿ. ಗೊತ್ತಿದ್ದದ್ದು ಕರಿಮಣಿಯ ನಡುವೆ ಪೋಣಿಸುವ ಕೆಂಪು ಹವಳ, ಇಲ್ಲ ಮಂಗಳ ಗ್ರಹಕ್ಕೆ ಅಂತ ಉಂಗುರಕ್ಕೆ ಹಾಕಿಸುವ ಹವಳ. ಸಣ್ಣ ಸಣ್ಣ ಪ್ರಾಣಿಗಳು ಒಟ್ಟಿಗೆ ಬದುಕುತ್ತವೆ, ತಮ್ಮ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ, ನೀವು ಕೊರಳಲ್ಲಿ ಹಾಕಿಕೊಂಡಿರೋದು ಅಂಥದ್ದೇ ಒಂದು ಪ್ರಾಣಿಯ ಮೂಳೆ ಅಂತ ಅಕ್ಕ ಹೇಳಿದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಒಬ್ಬರು ಮೆಲ್ಲಗೆ ತಾಳಿ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡರು. ಅದು ಮೆಡಿಟರೇನಿಯನ್ ಸಮುದ್ರದ ಬೇರೆ ಜಾತಿ, ಬಿಸಿಲು ಹೆಚ್ಚು ಬೀಳದ ಆಳದಲ್ಲಿ ಬೆಳೆಯುವಂಥದ್ದು, ದಿಬ್ಬ ಕಟ್ಟುವ ಹವಳ ಬೇರೆ ಅಂತ ಅಕ್ಕ ಆಮೇಲೆ ಬಿಡಿಸಿ ಹೇಳಿದಳು. ಆದರೆ ಅಷ್ಟರಲ್ಲಿ ಮಾತು ಮುಟ್ಟಬೇಕಾದ ಜಾಗಕ್ಕೆ ಮುಟ್ಟಿತ್ತು.

ಬಿಳಿಚುವುದು ಯಾಕೆ ಅಂತ ಅವಳು ಹೇಳಿದ್ದು ಹೀಗೆ. ದಿಬ್ಬದ ಹವಳದ ಮೈಯೊಳಗೆ ಒಂದು ಜಾತಿ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ, ಹವಳದ ಊಟದ ಬಹುಪಾಲು ಅದರದ್ದೇ. ಬಣ್ಣ ಬರುವುದೂ ಮುಖ್ಯವಾಗಿ ಅದರಿಂದ. ಸಮುದ್ರದ ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಏರಿ ಅಲ್ಲೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಒಂದು ಡಿಗ್ರಿ ಜಾಸ್ತಿ, ನಾಲ್ಕು ವಾರ: ಬಿಳಿಚೋಕೆ ಶುರು. ಎಂಟು ವಾರ: ಸಾವೂ ಶುರು. "ಮಗೂಗೆ ಜ್ವರ ಬಂದ ಲೆಕ್ಕ" ಅಂದರು ಗುಂಪಿನಲ್ಲಿದ್ದ ರಿಟೈರ್ಡ್ ನರ್ಸ್ ಒಬ್ಬರು. ಬಿಳಿಚಿದ್ದು ಸತ್ತಿದೆ ಅಂತಲ್ಲ, ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಇದು ನೆನಪಿರಲಿ, ಮುಂದೆ ಇದರ ಮೇಲೇ ಜಗಳ ಆಗುತ್ತದೆ.

ಇನ್ನು ಮೇಷ್ಟ್ರು. ಪಕ್ಕದ ಬೀದಿಯವರು. ನಾಟಕದ ಪರದೆ, ಗಣಪತಿ ಪೆಂಡಾಲು ಎಲ್ಲ ಮಾಡಿ ಕೈ ಪಳಗಿದವರು. ಬೊಂಬೆ ಕೂರಿಸುವ ಕಡೆ ಇಡೋಣ ಅನ್ನುವ ಯೋಚನೆ ಅವರದ್ದೇ. ಅಕ್ಕನಿಗೆ ಎಲ್ಲಾದರೂ ಹಾಲ್ ತಗೊಂಡು ಪ್ರದರ್ಶನ ಮಾಡುವ ಆಸೆ ಇತ್ತು, ದೊಡ್ಡ ದೊಡ್ಡ ಬೋರ್ಡ್, ಗ್ರಾಫು, ಎಲ್ಲ. ಮೇಷ್ಟ್ರು ನಕ್ಕರು. "ಏನಮ್ಮ, ಹಾಲ್‌ಗೆ ಬರೋರು ಆಗಲೇ ಗೊತ್ತಿರೋರು. ಬೊಂಬೆ ಮನೆಗೆ ಎಲ್ರೂ ಬರ್ತಾರೆ, ಚರ್ಪು ಕೊಡ್ತೀರಲ್ಲ." ಅದು ನಿಜ. ಒಂಬತ್ತು ದಿನ ಸಂಜೆ ಹೊತ್ತು ಮಕ್ಕಳು, ಮುತ್ತೈದೆಯರು, ಯಾರು ಯಾರೋ ಬಂದು ಹೋಗುವ ಮನೆ ಅದು. ಮೇಲಿನ ಮೆಟ್ಟಿಲ ಪಟ್ಟದ ಬೊಂಬೆ ಕದಲಿಸೋ ಹಾಗಿಲ್ಲ, ದಶಾವತಾರದ ಸೆಟ್ಟಿಗೆ ಕೈ ಹಚ್ಚೋ ಹಾಗಿಲ್ಲ, ಕೆಳಗಿನ ಮೂರು ಮೆಟ್ಟಿಲು ಏನಾದರೂ ಮಾಡಿಕೊಳ್ಳಿ ಅಂತ ದೊಡ್ಡಮ್ಮ ಒಪ್ಪಿಗೆ ಕೊಟ್ಟರು. ಮತ್ಸ್ಯಾವತಾರದ ಬೊಂಬೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಹವಳದ ಮೇಲೆ ಕೂರಿಸೋಣ ಅಂತ ಮೇಷ್ಟ್ರು ಕೇಳಿ ಬೈಸಿಕೊಂಡರು.

ಮೊದಲ ದೊಡ್ಡ ಜಗಳ ರಂಗೋಲಿಯದ್ದು. ಬೋರ್ಡ್ ಬೇಡ ಅಂದ ಮೇಷ್ಟ್ರು ಅದರ ಬದಲು ಬಚ್ಚಲು ಮನೆ ಬಾಗಿಲಿನಿಂದ ಹಜಾರ ದಾಟಿ ಬೊಂಬೆ ಮೆಟ್ಟಿಲವರೆಗೆ ನೀಲಿ ರಂಗೋಲಿಯಲ್ಲಿ ಹೊಳೆ ಬಿಡಿಸಿದರು. ನಿಮ್ಮ ಮನೆ ಬಚ್ಚಲ ನೀರು ಇಲ್ಲಿಗೇ ಬರೋದು ಅಂತ ಒಂದೇ ನೋಟಕ್ಕೆ ತಿಳಿಯಲಿ ಅಂತ. ಚೆನ್ನಾಗಿತ್ತು ಕಣ್ರೀ, ನಿಜವಾಗಲೂ. ಅಕ್ಕ ನೋಡಿದವಳೇ ತಪ್ಪು ಅಂದಳು. ಇದು ಲಕ್ಷದ್ವೀಪದ ದಿಬ್ಬ, ಅರಬ್ಬಿ ಸಮುದ್ರದ್ದು. ಹಾಸನದ ನೀರು ಹೇಮಾವತಿಗೆ ಸೇರಿ, ಗೊರೂರು ದಾಟಿ, ಕೃಷ್ಣರಾಜಸಾಗರದ ಹಿನ್ನೀರಲ್ಲಿ ಕಾವೇರಿಗೆ ಕೂಡಿ, ತಮಿಳುನಾಡಿನ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹತ್ತಿರದ ಸಮುದ್ರ ಒಂದು, ನಮ್ಮ ನೀರು ಹೋಗೋ ಸಮುದ್ರ ಇನ್ನೊಂದು.

"ಆ ಕಡೆ ಹವಳ ಇಲ್ವೇನಮ್ಮ?"

"ಮನ್ನಾರ್ ಕೊಲ್ಲೀಲಿ ಇದೆ ಸಾರ್. ಆದ್ರೆ ಇದು ಅದಲ್ಲ."

"ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ."

ಅರ್ಧ ಗಂಟೆ ಇಬ್ಬರೂ ಮುಖ ತಿರುಗಿಸಿಕೊಂಡು ಕೂತರು. ದೊಡ್ಡಮ್ಮ ಕಾಫಿ ಕೊಟ್ಟರು. ಕಾಫಿ ಕುಡಿಯುತ್ತಾ ಮೇಷ್ಟ್ರು ಕಿಟಕಿ ಹೊರಗೆ ಮಳೆ ನೋಡುತ್ತಿದ್ದವರು ಸಡನ್ನಾಗಿ ಕೇಳಿದರು, ಹಾಗಾದ್ರೆ ಈ ಮಳೆ ಎಲ್ಲಿಂದ ಬಂತು? ಮುಂಗಾರಿನ ಮೋಡ ಬರೋದು ಅರಬ್ಬಿ ಸಮುದ್ರದ ಕಡೆಯಿಂದಲೇ ಅಲ್ವಾ. ಅಷ್ಟು ಸಾಕಾಯಿತು. ಬಚ್ಚಲಿನಿಂದ ಬರುವ ನೀಲಿ ಗೆರೆಯನ್ನು ಮೆಟ್ಟಿಲ ಹತ್ತಿರ ಹೋಗದ ಹಾಗೆ ತಿರುಗಿಸಿ ಪೂರ್ವದ ಗೋಡೆಗೆ ಒಯ್ದು ಬಿಟ್ಟರು. ಬೊಂಬೆ ಮೆಟ್ಟಿಲು ಹೇಗೂ ಪಶ್ಚಿಮದ ಗೋಡೆಗಿತ್ತು. ಹವಳದ ದಿಬ್ಬದಿಂದ ಬಿಳಿ ಚುಕ್ಕಿಯ ಸಾಲೊಂದು ಮೇಲೆದ್ದು, ಗೋಡೆ ಹತ್ತಿ, ದಾರಕ್ಕೆ ಪೋಣಿಸಿದ ಹತ್ತಿಯುಂಡೆಯಾಗಿ ಸೂರಿನ ಕೆಳಗೆ ಹಜಾರ ದಾಟಿ, ಅಡುಗೆ ಮನೆ ನಲ್ಲಿಯ ಮೇಲೆ ಬಂದು ನಿಂತಿತು. ಮಳೆ ಒಂದು ಸಮುದ್ರದಿಂದ ಬರುತ್ತದೆ, ನೀರು ಇನ್ನೊಂದಕ್ಕೆ ಹೋಗುತ್ತದೆ, ನಡುವೆ ನಮ್ಮ ಅಡುಗೆ ಮನೆ. ಇದು ಮೇಷ್ಟ್ರೊಬ್ಬರಿಂದಲೂ ಆಗುತ್ತಿರಲಿಲ್ಲ, ಅಕ್ಕನೊಬ್ಬಳಿಂದಲೂ ಆಗುತ್ತಿರಲಿಲ್ಲ. ಕಲಾವಿದರೂ ವಿಜ್ಞಾನಿಗಳೂ ಕೂಡಿ ಕೆಲಸ ಮಾಡುವುದು ಅಂತ ಏನು ಹೇಳುತ್ತಾರೋ ಅದು ಈ ನಾಲ್ಕು ತಿಂಗಳಲ್ಲಿ ನಿಜವಾಗಿ ನಡೆದದ್ದು ಆ ಒಂದು ಕಾಫಿ ಹೊತ್ತಿನಲ್ಲಿ. ಮಿಕ್ಕದ್ದೆಲ್ಲ ಒಬ್ಬರು ಹೇಳೋದು, ಇನ್ನೊಬ್ಬರು ಮಾಡೋದು.

ಸಕಲೇಶಪುರ ಕಡೆಯಿಂದ ಬಂದ ಅತಿಥಿಯೊಬ್ಬರು ಆ ಎರಡು ಗೆರೆ ನೋಡಿ, ಬಿಸಿಲೆ ಹತ್ತಿರ ಮಂಕನಹಳ್ಳಿಯ ರಿಡ್ಜ್ ಪಾಯಿಂಟ್ ನೆನೆಸಿಕೊಂಡರು. ಆ ದಿಣ್ಣೆಯ ಈ ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಆ ಕಡೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. "ನೂರು ಸಲ ಅದರ ಪಕ್ಕ ಜೀಪ್ ಓಡಿಸಿದ್ದೀನಿ, ಇಳಿದು ನೋಡಿಲ್ಲ" ಅಂದರು. ರಂಗೋಲಿ ಮಾತ್ರ ದಿನಾ ಸಂಜೆ ಮಕ್ಕಳ ಕಾಲಿಗೆ ಸಿಕ್ಕಿ ಹಾಳಾಗುತ್ತಿತ್ತು, ದಿನಾ ಬೆಳಗ್ಗೆ ಮತ್ತೆ ಬಿಡಬೇಕು. ಒಂಬತ್ತು ದಿನಕ್ಕೆ ನನ್ನ ಸೊಂಟ ಹೋಯಿತು.

ಇನ್ನೊಂದು ಎಡವಟ್ಟು ಆಗಸ್ಟಿನಲ್ಲೇ ಆಗಿತ್ತು. ದಾರ ತಂದವನು ನಾನು. ಉಲ್ಲನ್ ಕೊಡಿ ಅಂದೆ, ಪೇಟೆಯ ಅಂಗಡಿಯವರು ಉಲ್ಲನ್ ಅಂತಲೇ ಕೊಟ್ಟರು. ಅಕ್ಕ ಒಂದು ದಿನ ಲೇಬಲ್ ತಿರುಗಿಸಿ ನೋಡುತ್ತಾಳೆ, ನೂರಕ್ಕೆ ನೂರು ಅಕ್ರಿಲಿಕ್. ಅಂದರೆ ಪ್ಲಾಸ್ಟಿಕ್. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದ್ದರಂತೆ, ಆರು ಕಿಲೋ ಅಕ್ರಿಲಿಕ್ ಬಟ್ಟೆ ಒಂದು ಸಲ ವಾಷಿಂಗ್ ಮೆಷೀನಿಗೆ ಹಾಕಿದರೆ ಏಳು ಲಕ್ಷಕ್ಕೂ ಜಾಸ್ತಿ ಸಣ್ಣ ಎಳೆಗಳು ನೀರಿಗೆ ಹೋಗುತ್ತವೆ. ಸಮುದ್ರ ಉಳಿಸೋಕೆ ಅಂತ ಹೊರಟು ಪ್ಲಾಸ್ಟಿಕ್‌ನಲ್ಲಿ ಸಮುದ್ರ ಹೆಣೆದಿದ್ದೇವೆ. ಅಷ್ಟು ಹೊತ್ತಿಗೆ ಮೂವತ್ತು ಪೀಸ್ ಮುಗಿದಿತ್ತು. ಎಸೆಯೋಣ ಅಂದಳು ಅಕ್ಕ. ಹೆಂಗಸರ ಮುಖ ನೋಡಬೇಕಿತ್ತು. ಕೊನೆಗೆ ಆದ ತೀರ್ಮಾನ: ಇದ್ದದ್ದು ಇರಲಿ, ಒಗೆಯೋದು ಬೇಡ, ಧೂಳು ಕೊಡವಿ ಇಟ್ಟುಕೊಳ್ಳೋದು. ಮುಂದಿನದ್ದೆಲ್ಲ ಹತ್ತಿ ನೂಲಲ್ಲಿ. ಹತ್ತಿ ನೂಲು ಅಂಗಡಿಯಲ್ಲಿ ಇದ್ದದ್ದು ಬಿಳಿ ಬಣ್ಣದ್ದು ಮಾತ್ರ, ಅದು ನಮಗೂ ಸರಿಹೋಯಿತು, ಹೇಗೂ ಬಿಳಿಚಿದ ಹವಳ ಬೇಕಿತ್ತಲ್ಲ. ಅಂದಿನಿಂದ ಆ ಮನೆಯಲ್ಲಿ ಸ್ವೆಟರ್ ಒಗೆಯುವಾಗೆಲ್ಲ ಯಾರಾದರೂ ಒಬ್ಬರು ಪೂಂಪುಹಾರ್ ಅಂತ ರೇಗಿಸುತ್ತಾರೆ.

ದಸರಾ ಅಕ್ಟೋಬರ್ 3ಕ್ಕೆ ಶುರು. ದಿನಕ್ಕಿಷ್ಟು ಬಣ್ಣದ ಹವಳ ತೆಗೆದು ಅದೇ ಆಕಾರದ ಬಿಳಿಯದನ್ನು ಇಡುತ್ತಾ ಹೋಗಬೇಕು, ವಿಜಯದಶಮಿ ಹೊತ್ತಿಗೆ ಇಡೀ ದಿಬ್ಬ ಬೆಳ್ಳಗಾಗಬೇಕು ಅನ್ನುವುದು ಅಕ್ಕನ ಪ್ಲಾನ್. ಹಬ್ಬದ ಮನೆಯಲ್ಲಿ ಕೊನೇ ದಿನ ಎಲ್ಲ ಬೋಳು ಬೋಳಾಗಿರೋದಾ ಅಂತ ದೊಡ್ಡಮ್ಮ ಸುತಾರಾಂ ಒಪ್ಪಲಿಲ್ಲ. ಬೇಕಾದರೆ ಸರಸ್ವತಿ ಪೂಜೆಯ ದಿನ ಬಿಳಿ ಇಡಿ, ಆ ತಾಯಿಗೆ ಬಿಳಿ ಪ್ರೀತಿ ಅಂದರು. ಮೇಷ್ಟ್ರಿಗೆ ಖುಷಿಯೋ ಖುಷಿ. ಅಕ್ಕನಿಗೆ ಸಂಕಟ, ಏಕೆಂದರೆ ಬಿಳಿ ಅಂದರೆ ಕಾಯಿಲೆ ಅಂತ ಹೇಳಹೊರಟರೆ ಅದು ಅಲ್ಲಿ ಮಂಗಳವಾಗಿ ಕೂರುತ್ತದೆ. ಆದರೂ ಸೋತಳು.

ಆ ದಿನ ಏನಾಯಿತು ಅಂದರೆ, ಬಂದವರೆಲ್ಲ ಬಿಳಿಯದನ್ನೇ ಮೆಚ್ಚಿದರು. ಮುತ್ತಿನ ಹಾಗಿದೆ, ಮಲ್ಲಿಗೆ ರಾಶಿ ಹಾಗಿದೆ, ಬಣ್ಣದ್ದಕ್ಕಿಂತ ಇದೇ ಕ್ಲಾಸಾಗಿದೆ. ಸೆಲ್ಫಿ ಮೇಲೆ ಸೆಲ್ಫಿ. ನಾನು ಬರೆದು ಅಂಟಿಸಿದ್ದ ಹದಿನಾಲ್ಕು ಚೀಟಿಗಳಲ್ಲಿ ಒಂದನ್ನೂ ಯಾರೂ ಓದಿದ್ದು ನಾನು ಕಾಣೆ, ಓದಿದವರೆಂದರೆ ಕನ್ನಡ ಓದೋಕೆ ಕಲಿಯುತ್ತಿದ್ದ ಒಂದು ಮಗು, ಅದೂ ಅಕ್ಷರ ಕೂಡಿಸುತ್ತಾ "ಲ-ಕ್ಷ-ದ್ವೀ-ಪ" ಅಂತ. ರಾತ್ರಿ ಅಕ್ಕ ಹೇಳಿದಳು, ನೀರೊಳಗೂ ಹೀಗೇ, ಗೊತ್ತಿಲ್ಲದವರು ಬಿಳಿ ದಿಬ್ಬ ನೋಡಿ ಎಷ್ಟು ಚಂದ ಅಂತಾರೆ. ಇದನ್ನು ಸೋಲು ಅಂತಲೇ ಬರೆಯುತ್ತಿದ್ದೇನೆ. ಚಂದ ಮಾಡಿ ತೋರಿಸಿದರೆ ಜನ ಸಮುದ್ರವನ್ನು ಹಚ್ಚಿಕೊಳ್ಳುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಚಂದವೇ ಅಡ್ಡ ಬಂತು.

ಮಾರನೇ ದಿನ ಮೇಷ್ಟ್ರು ನಾಲ್ಕು ಬಿಳಿ ಹವಳ ಎತ್ತಿಕೊಂಡು ಅಡುಗೆ ಮನೆಗೆ ಹೋದರು. ಸತ್ತ ಮೇಲೆ ಏನಾಗುತ್ತದೆ ಅಂತ ಅವರು ಅಕ್ಕನನ್ನು ಕೇಳಿದ್ದರು. ಬಿಳಿ ಬಹಳ ದಿನ ಇರಲ್ಲ, ಮೇಲೆ ಬೇರೆ ಪಾಚಿ ಹತ್ತಿ ಕಂದು ಹಸಿರು ಮುಗ್ಗಲಾಗುತ್ತದೆ, ಗೂಡು ಪುಡಿಯಾಗುತ್ತಾ ಬರುತ್ತದೆ ಅಂದಿದ್ದಳು. ಬೆಳಗಿನ ಕಾಫಿ ಸೋಸಿದ ಗಸಿ, ಉಳಿದ ಡಿಕಾಕ್ಷನ್ ಎರಡನ್ನೂ ಪಾತ್ರೆಗೆ ಸುರಿದು ನಾಲ್ಕನ್ನೂ ಅದರಲ್ಲಿ ಅದ್ದಿದರು. ಒಣಗಿದ ಮೇಲೆ ತೆಂಗಿನ ನಾರು ಸುತ್ತಿ, ಅಲ್ಲಲ್ಲಿ ಕತ್ತರಿಸಿದರು. ಆ ಹವಳ ಹೆಣೆದ ಹೆಂಗಸು ಅಲ್ಲೇ ಇದ್ದರು. ಕತ್ತರಿ ಆಡಿಸುವಾಗ ಅವರು ಹೊರಗೆ ಹೋಗಿ ನಿಂತರು.

ಬೊಂಬೆ ಮೆಟ್ಟಿಲ ಮೇಲೆ ಈ ಕೊಳಕು ಇಡೋಕೆ ದೊಡ್ಡಮ್ಮ ಬಿಡಲಿಲ್ಲ. ಸರಿ, ಕೆಳಗೆ ನೆಲದ ಮೇಲೆ, ಮಕ್ಕಳು ಕೂರುವ ಚಾಪೆಯ ಪಕ್ಕ ಇಟ್ಟರು. ಅದೇ ಒಳ್ಳೆಯದಾಯಿತು. ಸಂಜೆ ಬಂದ ಮೊದಲ ಹುಡುಗಿ ಚರ್ಪಿಗೆ ಕೈ ಒಡ್ಡಿಕೊಂಡೇ, "ಅಜ್ಜಿ, ಇದೇನು ಗಲೀಜು?" ಅಂದಳು. ಆ ಎಂಟು ದಿನದಲ್ಲಿ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅಕ್ಕ ಬಾಯಿ ತೆಗೆಯುವ ಮುಂಚೆ ಆ ಹೊರಗೆ ಹೋಗಿ ನಿಂತಿದ್ದ ಹೆಂಗಸೇ ಬಂದು ಚಾಪೆ ಮೇಲೆ ಕೂತು ಹೇಳೋಕೆ ಶುರು ಮಾಡಿದರು. ಇದನ್ನ ನಾನು ಹನ್ನೆರಡು ದಿನ ಕೂತು ಹಾಕಿದ್ದು ಪುಟ್ಟಾ, ಬೆಳ್ಳಗೆ ಹೀಗಿತ್ತು, ಅದಕ್ಕೂ ಮುಂಚೆ ಅಗೋ ಅಲ್ಲಿದೆ ನೋಡು ನೇರಳೆ, ಹಾಗಿತ್ತು. ನೀರು ಬಿಸಿಯಾಯ್ತು. ಹುಡುಗಿ ಕೇಳಿತು, ಯಾರು ಬಿಸಿ ಮಾಡಿದ್ದು? ಆ ಹೆಂಗಸು ಒಂದು ಕ್ಷಣ ತಡೆದು, ಅಕ್ಕನ ಕಡೆ ನೋಡದೆ, "ನಾವೇ" ಅಂದರು. ಗಾಡಿ ಹೊಗೆ, ಕರೆಂಟಿಗೆ ಸುಡುವ ಕಲ್ಲಿದ್ದಲು, ಅದರಿಂದ ಭೂಮಿ ಬಿಸಿಯಾಗುವುದು, ಆ ಹೆಚ್ಚುವರಿ ಶಾಖದ 90%ಗೂ ಜಾಸ್ತಿ ಸಮುದ್ರವೇ ನುಂಗಿಕೊಳ್ಳುವುದು, ಎಲ್ಲ ತಮ್ಮ ಮಾತಿನಲ್ಲೇ ಹೇಳಿದರು. ಒಂದೆರಡು ಕಡೆ ತಪ್ಪಿತ್ತು. ಅಕ್ಕ ತಿದ್ದಲಿಲ್ಲ.

ಇದೇ ನನಗೆ ಕಂಡದ್ದು. ನೋಡಿದವರಿಗೆ ಮುಟ್ಟಿದ್ದು ಕಮ್ಮಿ, ಹೆಣೆದವರಿಗೆ ಮುಟ್ಟಿತ್ತು. ಬೆರಳಿಗೆ ಗೊತ್ತಾದ ವಿಷಯವನ್ನು ಅವರು ಮರೆಯುತ್ತಿಲ್ಲ. ಕಳೆದ ವಾರ ಅಕ್ಕ ದ್ವೀಪದಿಂದ ಒಂದು ಹೊಸ ಫೋಟೊ ಕಳಿಸಿದ್ದಳು. ದೊಡ್ಡಮ್ಮ ನೋಡಿದವರೇ, "ಇದು ಮೂರು ಕುಣಿಕೆಗೊಂದು ಏರಿಸಿದ್ದು, ಪಕ್ಕದ್ದು ಎರಡಕ್ಕೊಂದು, ಅದಕ್ಕೇ ಅಷ್ಟು ನಿರಿಗೆ" ಅಂದರು. ಇಷ್ಟು ವರ್ಷದ ಕೆಲಸದಲ್ಲಿ ಯಾರೂ ಹವಳವನ್ನು ಹಾಗೆ ಓದಿದ್ದು ಕೇಳಿಲ್ಲ ಅಂತಾಳೆ ಅಕ್ಕ. ಮತ್ತೆ ಮಾಡುವುದಿದ್ದರೆ ಬಂದವರಿಗೆ ತೋರಿಸೋಕೆ ಅಷ್ಟು ಕಷ್ಟಪಡಬೇಡಿ, ಒಂದು ಕಡ್ಡಿ, ಒಂದು ಉಂಡೆ ನೂಲು ಕೈಗೆ ಕೊಟ್ಟು ಕೂರಿಸಿ. ಹತ್ತಿ ನೂಲು, ಲೇಬಲ್ ನೋಡಿ. ಚೀಟಿ ಬರೆಯೋನು ಬೇಕಾಗಲ್ಲ.

ವಿಜಯದಶಮಿ ರಾತ್ರಿ ಪಟ್ಟದ ಬೊಂಬೆ ಮಲಗಿಸಿ, ಮಾರನೇ ದಿನ ಎಲ್ಲ ಎತ್ತಿಟ್ಟೆವು. ಬಣ್ಣದ್ದು, ಬಿಳಿಯದು ಎಲ್ಲ ಹಳೇ ಕಾಟನ್ ಸೀರೆ ತುಂಡಿನಲ್ಲಿ ಸುತ್ತಿ, ಬೊಂಬೆಗಳ ಜೊತೆಗೇ ಟ್ರಂಕಿಗೆ. ಕಾಫಿಯಲ್ಲಿ ಅದ್ದಿದ ನಾಲ್ಕಕ್ಕೆ ಇರುವೆ ಹತ್ತಿತ್ತು. ಅವನ್ನು ಎಸೆಯುತ್ತಾರೆ ಅಂದುಕೊಂಡಿದ್ದೆ. ದೊಡ್ಡಮ್ಮ ಇರುವೆ ಕೊಡವಿ, ಎರಡು ದಿನ ಬಿಸಿಲಿಗಿಟ್ಟು, ಬೇರೆ ಡಬ್ಬಿಗೆ ಹಾಕಿ, ನನ್ನ ಪೆನ್ನು ಇಸಿದುಕೊಂಡು ಮೇಲೆ ತಾವೇ ಬರೆದರು: "ಗಲೀಜು. ಮುಂದಿನ ವರ್ಷಕ್ಕೆ ಬೇಕು."